ಆಲೆಮನೆಯ ಕೂಲಿಗೆ ಸಿಗಾಲ ಸುತ್ತದ ಐದು ಕಟ್ಟಳೆ

ರಾಜಗೃಹದಲ್ಲಿ ಆರು ದಿಕ್ಕಿಗೂ ಕೈಮುಗಿಯುತ್ತಿದ್ದ ಸಿಗಾಲನೆಂಬ ಗೃಹಸ್ಥನ ಮಗನಿಗೆ ಬುದ್ಧ ಒಂದೊಂದು ದಿಕ್ಕಿನಲ್ಲೂ ಒಂದೊಂದು ಸಂಬಂಧವನ್ನು ತೋರಿಸಿಕೊಟ್ಟ. ಬುದ್ಧನ ದೀರ್ಘ ಉಪದೇಶಗಳ ಪಾಳಿ ಸಂಗ್ರಹವಾದ ದೀಘನಿಕಾಯದ 31ನೆಯ ಸುತ್ತದಲ್ಲಿ, ಎಂದರೆ ಉಪದೇಶದಲ್ಲಿ, ಇದಿದೆ. ಕೆಳಗಿನ ದಿಕ್ಕು ಆಳುಕಾಳುಗಳದ್ದು. ಅವರಿಗೆ ಯಜಮಾನ ಸಲ್ಲಿಸಬೇಕಾದ್ದು ಐದು: ಶಕ್ತಿಗೆ ತಕ್ಕ ಕೆಲಸ, ಊಟ ಮತ್ತು ಕೂಲಿ, ಕಾಯಿಲೆಯಲ್ಲಿ ಆರೈಕೆ, ಅಪರೂಪದ ರುಚಿಯಲ್ಲಿ ಪಾಲು, ಹೊತ್ತಿಗೆ ಸರಿಯಾಗಿ ಬಿಡುವು. ಮಂಡ್ಯ ಸೀಮೆಯಲ್ಲಿ ಬೆಲ್ಲ ಮಾಡುವ ಆಲೆಮನೆ ನಡೆಸುವವರು ಇವನ್ನು ಆಚರಣೆಗೆ ತರುವ ಬಗೆ ಇದು.

ಮೊದಲು ಮುಂಗಡದ ಲೆಕ್ಕ ನೇರ ಮಾಡಿಕೊಳ್ಳಿ, ಏಕೆಂದರೆ ಅನ್ಯಾಯ ಹೆಚ್ಚಾಗಿ ನುಸುಳುವುದು ಅಲ್ಲೇ. ಮುಂಗಡಕ್ಕೆ ಬಡ್ಡಿ ಬೇಡ. ವಾರದ ಕೂಲಿಯಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಮುರಿಯಬೇಡಿ. ದಿನಕ್ಕೆ 600 ರೂಪಾಯಿಯಂತೆ ಆರು ದಿನಕ್ಕೆ 3,600 ಆದರೆ ಮುರಿಯುವುದು 900. ಮುಂಗಡ 12,000 ಇದ್ದರೆ 14 ವಾರಕ್ಕೆ ತೀರುತ್ತದೆ. ಅಷ್ಟು ವಾರ ಕೆಲಸ ಇರದಿದ್ದರೆ ಅಷ್ಟು ಮುಂಗಡವನ್ನೇ ಕೊಡಬೇಡಿ. ಉಳಿದ ಬಾಕಿ ಮುಂದಿನ ವರ್ಷಕ್ಕೆ ಹೋಗುತ್ತದೆ, ಆಳು ಸಾಲದ ಕೈಗೆ ಸಿಕ್ಕುತ್ತಾನೆ. ಗೃಹಸ್ಥನ ನಾಲ್ಕು ಸುಖಗಳಲ್ಲಿ ಋಣವಿಲ್ಲದಿರುವುದನ್ನೂ ಬುದ್ಧ ಎಣಿಸಿದ್ದಾನೆ. ಆ ಸುಖ ಕೂಲಿಯವನಿಗೂ ಸಲ್ಲಬೇಕು. ‘ಬಾಕಿ ತೀರುವ ತನಕ ಬಿಟ್ಟು ಹೋಗುವಂತಿಲ್ಲ’ ಎಂದು ಕಟ್ಟಿಹಾಕಿದರೆ ಅದು ಜೀತ, 1976ರ ಕಾನೂನಿನ ಪ್ರಕಾರ ಅಪರಾಧ. ಲೆಕ್ಕದ ಪುಸ್ತಕ ಎರಡಿರಲಿ, ಒಂದು ಆಳಿನ ಕೈಯಲ್ಲಿ. ಓದಲು ಬಾರದವರಿಗೆ ಪ್ರತಿ ವಾರ ಎಲ್ಲರ ಮುಂದೆ ಓದಿ ಹೇಳಿ.

ಪಾಕ ಕಾಯಿಸಿ ಇಳಿಸಿದ ಕೊಪ್ಪರಿಗೆಗಳ ಲೆಕ್ಕದಲ್ಲಿ ಕೂಲಿ ಕೊಡುವವರು ಒಂದನ್ನು ಗಮನಿಸಬೇಕು. ಕರೆಂಟು ಹೋಗಿ ಐದರ ಬದಲು ಮೂರೇ ಕೊಪ್ಪರಿಗೆ ಇಳಿದ ದಿನವೂ ಆಳು ಅಷ್ಟೇ ಹೊತ್ತು ನಿಂತಿರುತ್ತಾನೆ. ಆದ್ದರಿಂದ ಎಷ್ಟೇ ಇಳಿದರೂ ಸರ್ಕಾರದ ಕನಿಷ್ಠ ದಿನಗೂಲಿಗಿಂತ ಕಡಿಮೆಯಾಗದಂತೆ ಮೊದಲೇ ಬರೆದುಕೊಳ್ಳಿ. ಹೆಣ್ಣಾಳಿಗೆ ಅದೇ ಕೆಲಸಕ್ಕೆ ಅದೇ ಕೂಲಿ. ದಿನಸಿ ಕೊಡಿಸಿದರೆ ಅಂಗಡಿಯ ಚೀಟಿಯಲ್ಲಿರುವಷ್ಟನ್ನೇ ಹಿಡಿಯಿರಿ.

ಶಕ್ತಿಗೆ ತಕ್ಕ ಕೆಲಸವೆಂದರೆ ಗಾಣಕ್ಕೆ ಕಬ್ಬು ಕೊಡುವವನನ್ನು ಎರಡು ಗಂಟೆಗೊಮ್ಮೆ ಬದಲಿಸುವುದು. ತೂಕಡಿಕೆಯಲ್ಲೇ ಕೈ ಗಾಣಕ್ಕೆ ಸಿಕ್ಕುವುದು. ನಿಲ್ಲಿಸುವ ಸ್ವಿಚ್ಚು ಅವನ ಕೈಗೆಟುಕುವಂತಿರಲಿ, ಬೆಲ್ಟಿಗೆ ಜಾಲರಿ ಹಾಕಿಸಿ. ಮಕ್ಕಳನ್ನು ಒಲೆ, ಗಾಣದ ಬಳಿ ಸೇರಿಸಲೇಬೇಡಿ. ಬೆಲ್ಲ ಬಿಳುಪಾಗಲೆಂದು ಹೈಡ್ರೋಸ್ ಎಂಬ ರಾಸಾಯನಿಕ ಸುರಿದರೆ ಅದರ ಘಾಟು ಮೊದಲು ಹೋಗುವುದು ಪಾಕ ತಿರುವುವವನ ಎದೆಗೆ. ಬೆಂಡೆ ಗಿಡದ ಲೋಳೆಯಿಂದಲೂ ಮಡ್ಡಿ ತೆಗೆಯಬಹುದು.

ಪಾಕ ಮೈಮೇಲೆ ಬಿದ್ದರೆ ತಕ್ಷಣ ಹರಿಯುವ ತಣ್ಣೀರಿನಡಿ 20 ನಿಮಿಷ ಹಿಡಿಯಿರಿ. ಬಳೆ, ಉಂಗುರ ಊದುವ ಮೊದಲೇ ತೆಗೆಯಿರಿ. ಅಂಟಿದ ಬೆಲ್ಲವನ್ನು ಕೀಳಬೇಡಿ, ಚರ್ಮವೂ ಬರುತ್ತದೆ. ಅರಿಶಿನ, ಪೇಸ್ಟು ಹಚ್ಚಬೇಡಿ. ಶುಭ್ರವಾದ ಒಣ ಬಟ್ಟೆ ಹೊದಿಸಿ 108ಕ್ಕೆ ಕರೆ ಮಾಡಿ. ಆಸ್ಪತ್ರೆಯ ಖರ್ಚು, ಮಲಗಿದ ದಿನಗಳ ಕೂಲಿ ಎರಡೂ ಯಜಮಾನನದ್ದು. ಮುಂಗಡಕ್ಕೆ ಸೇರಿಸಿದರೆ ಆರೈಕೆ ಅನ್ನಿಸಿಕೊಳ್ಳುವುದಿಲ್ಲ.

ರುಚಿಯ ಪಾಲೆಂದರೆ ಬಿಸಿ ಬೆಲ್ಲ ಕೈಗಿಡುವುದಷ್ಟೇ ಎಂದುಕೊಳ್ಳಬಾರದು. ಮಾರುಕಟ್ಟೆಯಲ್ಲಿ ಬೆಲ್ಲದ ದರ ಏರಿದಾಗ ಹೆಚ್ಚು ಬಂದದ್ದರಲ್ಲಿ ಆಳುಗಳಿಗೆ ಎಷ್ಟು ಎಂದು ಸೀಸನ್ನಿಗೆ ಮುಂಚೆಯೇ ಮಾತಾಡಿ. ದರ ಏರಿದ ಮೇಲೆ ಆ ಮಾತು ಯಾರ ಬಾಯಿಂದಲೂ ಹೊರಡದು.

ಬಿಡುವು ಕೆಡುವುದು ಗಾಣದ ವೇಳೆಯಿಂದ. ಹಿಂಡಿದ ಕಬ್ಬಿನ ಹಾಲು ಹುಳಿಯುವ ಮುನ್ನ ಬೇಯಿಸಲೇಬೇಕು, ಒಂದು ಕೊಪ್ಪರಿಗೆ ಪಾಕಕ್ಕೆ ಬರಲು ಎರಡೂವರೆ, ಮೂರು ಗಂಟೆ ಹಿಡಿಯುತ್ತದೆ, ಆಮೇಲೆ ಅಚ್ಚಿಗೆ ಹಾಕಬೇಕು, ತೊಳೆಯಬೇಕು. ಸಂಜೆ ಆರಕ್ಕೆ ಆಳು ಬಿಡಬೇಕೆಂದರೆ ಮಧ್ಯಾಹ್ನ ಎರಡಕ್ಕೆ ಗಾಣ ನಿಲ್ಲಬೇಕು. ಕಬ್ಬಿನ ಗಾಡಿ ತರುವ ರೈತರಿಗೆ ಈ ಹೊತ್ತನ್ನು ಹಿಂದಿನ ದಿನವೇ ತಿಳಿಸಿ. ಇಲ್ಲದಿದ್ದರೆ ಮೂರು ಗಂಟೆಗೆ ಬಂದ ಗಾಡಿಯನ್ನು ವಾಪಸು ಕಳಿಸಲಾಗದೆ ಎಲ್ಲರೂ ರಾತ್ರಿಯವರೆಗೆ ನಿಲ್ಲಬೇಕಾಗುತ್ತದೆ.