ತ್ರಿಶಂಕುವಿನ ತಲೆ ಹುಡುಕುವುದು ಹೇಗೆ?

ಮೊದಲು ದಕ್ಷಿಣಕ್ಕೆ ಯಾರ ಮನೆಯ ನೀರಿನ ಟ್ಯಾಂಕೂ ಅಡ್ಡ ಬಾರದ ತಾರಸಿಯೊಂದನ್ನು ನೋಡಿಕೊಳ್ಳಿ. ತಮಾಷೆಗೆ ಹೇಳುತ್ತಿಲ್ಲ. ಶಿಲುಬೆಯಾಕಾರದ ತ್ರಿಶಂಕು ನಕ್ಷತ್ರಪುಂಜದ ಅತಿ ಪ್ರಕಾಶದ ತಾರೆ ಆಕ್ರಕ್ಸ್ ಮೈಸೂರಿನಲ್ಲಿ ಎಷ್ಟೇ ಮೇಲೇರಿದರೂ ದಿಗಂತದಿಂದ 14.5 ಡಿಗ್ರಿ ದಾಟುವುದಿಲ್ಲ. ತೋಳು ಚಾಚಿ ಮುಷ್ಟಿ ಹಿಡಿದರೆ ಒಂದೂವರೆ ಮುಷ್ಟಿ. ಬೀದರಿನವರಿಗೆ ಒಂದು ಮುಷ್ಟಿಯೂ ತುಂಬದು. ನಮ್ಮ ಪಕ್ಕದ ಮನೆಯ ಟ್ಯಾಂಕು ಸರಿಯಾಗಿ ಅಲ್ಲೇ ಕುಳಿತಿದೆ. ಹಾಗಾಗಿ ನಾನು ಸಂಡಿಗೆ ಒಣಹಾಕುವ ಮೂಲೆಗೆ ಸರಿದು ನಿಲ್ಲುತ್ತೇನೆ.

ಮೇ ನಡುವಿನಲ್ಲಾದರೆ ರಾತ್ರಿ 9.15ರ ಸುಮಾರಿಗೆ ಆಕ್ರಕ್ಸ್ ನೇರ ದಕ್ಷಿಣದಲ್ಲಿರುತ್ತದೆ. ದಿನಕ್ಕೆ 4 ನಿಮಿಷ ಮುಂಚೆ ಬರುವುದರಿಂದ ಏಪ್ರಿಲ್ ನಡುವಿನಲ್ಲಿ 11.15ರವರೆಗೆ ಎಚ್ಚರವಿರಬೇಕು. ಧೂಳು ಕವಿದ ದಿನ ಶ್ರಮ ದಂಡ. ಸಂಜೆ ಗುಡುಗು ಮಳೆ ಸುರಿದು ಮೋಡ ಚದುರಿದ ರಾತ್ರಿಯೇ ಆಗಬೇಕು.

ದಕ್ಷಿಣಕ್ಕೆ ಮುಖಮಾಡಿ ತಲೆ ಎತ್ತಿ. ಅರ್ಧ ಆಕಾಶದಷ್ಟು ಮೇಲೆ ಸೊಟ್ಟ ಚೌಕದಂತೆ ಕಾಣುವುದು ಹಸ್ತಾ ನಕ್ಷತ್ರ. ಅಲ್ಲಿಂದ ನೆಟ್ಟಗೆ ನಾಲ್ಕು ಮುಷ್ಟಿ ಕೆಳಗಿಳಿದರೆ ತ್ರಿಶಂಕು ಪುಂಜದ ಮೇಲ್ತುದಿಯ ತಾರೆ, ಕೆಂಪು ಛಾಯೆಯ ಗಾಕ್ರಕ್ಸ್. ಅದರ ಕೆಳಗೆ ಅರ್ಧ ಮುಷ್ಟಿಗಿಂತ ತುಸು ಹೆಚ್ಚು ದೂರದಲ್ಲಿ ನೀಲಿ ಬಿಳುಪಿನ ಆಕ್ರಕ್ಸ್. ತ್ರಿಶಂಕು ತಲೆಕೆಳಗಾಗಿ ತೂಗುವವನು ತಾನೆ? ಹಾಗಾದರೆ ಅತಿ ಕೆಳಗಿನ ಈ ತಾರೆಯೇ ಅವನ ತಲೆ ಎಂಬುದು ನನ್ನ ಲೆಕ್ಕ.

ಖಾತ್ರಿಯಾಗಬೇಕೆಂದರೆ ಎಡಕ್ಕೆ ನೋಡಿ. ಕಿನ್ನರ ಪುಂಜದ ಆಲ್ಫಾ, ಬೀಟಾ ಎಂಬ ತಾರೆಗಳೆರಡೂ ಅಕ್ಕಪಕ್ಕ ಹೊಳೆಯುತ್ತಿರಬೇಕು. ಈ ಪರೀಕ್ಷೆ ಬಿಟ್ಟು ನಾನು ಮೋಸಹೋದವನು. ಏಪ್ರಿಲ್ ಆರಂಭದ ಒಂದು ರಾತ್ರಿ 8.15ಕ್ಕೆ ಅಳಿಯಂದಿರನ್ನು ತಾರಸಿಗೆ ಕರೆತಂದು, ದಕ್ಷಿಣದಲ್ಲಿ ನಿಂತ ಶಿಲುಬೆಯನ್ನು ತೋರಿಸಿ ಅರ್ಧ ಗಂಟೆ ವಿವರಿಸಿದ್ದೆ. ಅದು ತ್ರಿಶಂಕುವನ್ನೇ ಹೋಲುವ ಬೇರೆ ತಾರೆಗಳ ಹುಸಿ ಶಿಲುಬೆ! ಗಾತ್ರದಲ್ಲಿ ದೊಡ್ಡದು, ಹೊಳಪಿನಲ್ಲಿ ಮಂಕು, ಸುಮಾರು ಮೂರೂವರೆ ಗಂಟೆ ಮುಂಚಿತವಾಗಿ ಅದೇ ಜಾಗಕ್ಕೆ ಬರುತ್ತದೆ. ಅಳಿಯಂದಿರಿಗೆ ನಾನು ಇನ್ನೂ ಹೇಳಿಲ್ಲ.

ಪುಟ್ಟ ದೂರದರ್ಶಕವಿದ್ದರೆ ಆಕ್ರಕ್ಸನ್ನು 100 ಪಟ್ಟು ಹಿಗ್ಗಿಸಿ ನೋಡಿ. ಬರಿಗಣ್ಣಿಗೆ ಒಂದಾಗಿದ್ದದ್ದು ಎರಡಾಗುತ್ತದೆ. 1685ರಲ್ಲಿ ಸಯಾಮಿಗೆ (ಇಂದಿನ ಥಾಯ್ಲೆಂಡಿಗೆ) ಹೊರಟಿದ್ದ ಜೆಸ್ಯೂಟ್ ಪಾದ್ರಿಗಳು ದಕ್ಷಿಣ ಆಫ್ರಿಕದ ಗುಡ್ ಹೋಪ್ ಭೂಶಿರದಲ್ಲಿ ಇದನ್ನು ಕಂಡುಕೊಂಡರು. ಅಲ್ಲಿ ಅದು ಬಹಳ ಎತ್ತರದಲ್ಲಿರುತ್ತದೆ. ನಮ್ಮಲ್ಲಿ ಕೆಳಗಿನ ದಪ್ಪ ಗಾಳಿಯಲ್ಲಿ ಕುದಿಯುವ ಎಸರಿನಂತೆ ಕದಲುತ್ತಿರುತ್ತದೆ. ಕಣ್ಣು ಕೀಳದೆ ಕಾಯುತ್ತಿದ್ದರೆ ಒಂದು ಕ್ಷಣ ಗಾಳಿ ನಿಂತು ಜೋಡಿ ಬಿಡಿಬಿಡಿಯಾಗಿ ಕಾಣುತ್ತದೆ.

ಜೂನ್ ಮೊದಲ ವಾರ 8 ಗಂಟೆಗೇ ಅದು ದಕ್ಷಿಣದಲ್ಲಿ ನಿಂತಿರುತ್ತದೆ. ಅಷ್ಟು ಹೊತ್ತಿಗೆ ಮುಂಗಾರಿನ ಮೋಡವೂ ಬಂದು ಕೂತಿರುತ್ತದೆ.