ಜರ್ಮನ್ ಪೌರತ್ವಕ್ಕೆ ಅರ್ಜಿ ಹಾಕುವ ಮುಂಚೆ 1933ರ ಕಥೆ ತಿಳಿದಿರಲಿ

ಜರ್ಮನಿಗೆ ಬಂದು ನೆಲೆ ನಿಂತ ಕನ್ನಡಿಗರಲ್ಲಿ ಅನೇಕರು ಈಗ ಇಲ್ಲಿನ ಪೌರತ್ವದ ಯೋಚನೆಯಲ್ಲಿದ್ದಾರೆ. 2024ರ ಜೂನ್‌ನಲ್ಲಿ ಜಾರಿಗೆ ಬಂದ ಕಾನೂನಿನ ಪ್ರಕಾರ ಐದು ವರ್ಷ ವಾಸವಿದ್ದರೆ ಅರ್ಜಿ ಹಾಕಬಹುದು. ಅದೇ ಕಾನೂನು ಇನ್ನೊಂದು ಷರತ್ತನ್ನೂ ಸೇರಿಸಿದೆ. ನಾಜಿ ಆಡಳಿತದ ಅನ್ಯಾಯದ ಬಗ್ಗೆ ಜರ್ಮನಿಗೆ ಇರುವ ವಿಶೇಷ ಹೊಣೆಯನ್ನು ನಾನೂ ಒಪ್ಪುತ್ತೇನೆ ಎಂದು ಅರ್ಜಿದಾರರು ಹೇಳಬೇಕು. 'ಅದು ಅವರ ಅಜ್ಜಂದಿರ ಕಾಲದ ಮಾತು, ನಮಗ್ಯಾಕೆ' ಎಂದು ಸುಮ್ನೆ ಸಹಿ ಹಾಕಬೇಡಿ. ಇಲ್ಲಿನ ಚುನಾವಣೆ, ಸಂಸತ್ತು, ನ್ಯಾಯಾಲಯ ಯಾಕೆ ಹೀಗಿವೆ ಅನ್ನುವುದಕ್ಕೆಲ್ಲ ಉತ್ತರ ಆ ಕಾಲದಲ್ಲಿದೆ.

ಹಿಟ್ಲರ್ ಬಹುಮತ ಪಡೆದು ಗದ್ದುಗೆ ಏರಿದ ಎಂದು ನಮ್ಮಲ್ಲಿ ಬಹಳ ಜನ ನಂಬಿದ್ದಾರೆ. ಲೆಕ್ಕ ನೋಡಿ. 1928ರಲ್ಲಿ ಅವನ ಪಕ್ಷಕ್ಕೆ ಸಿಕ್ಕಿದ್ದು ಶೇ. 2.6 ಮತ. ಆಮೇಲೆ ಆರ್ಥಿಕ ಕುಸಿತ ಬಂತು, ಸುಮಾರು 60 ಲಕ್ಷ ಜನ ಕೆಲಸ ಕಳೆದುಕೊಂಡರು. 1932ರ ಜುಲೈ ಹೊತ್ತಿಗೆ ಮತ ಶೇ. 37ಕ್ಕೆ ಏರಿತು. ನವೆಂಬರ್‌ನಲ್ಲಿ ಮತ್ತೆ ಚುನಾವಣೆ ನಡೆದಾಗ ಶೇ. 33ಕ್ಕೆ ಇಳಿಯಿತು. ಹೀಗೆ ಇಳಿಮುಖವಾಗಿದ್ದಾಗಲೇ, 1933ರ ಜನವರಿ 30ರಂದು, ರಾಷ್ಟ್ರಾಧ್ಯಕ್ಷ ಹಿಂಡನ್‌ಬರ್ಗ್ ಅವನನ್ನು ಚಾನ್ಸಲರ್ (ಸರ್ಕಾರದ ಮುಖ್ಯಸ್ಥ) ಮಾಡಿದರು. ಅದಕ್ಕೆ ಅಧ್ಯಕ್ಷರನ್ನು ಒಪ್ಪಿಸಿದ್ದು ಮಾಜಿ ಚಾನ್ಸಲರ್ ಫಾನ್ ಪಾಪೆನ್. ಹಿಟ್ಲರ್‌ನನ್ನೂ ಸೇರಿಸಿ ಸಂಪುಟದಲ್ಲಿ ಮೂವರೇ ನಾಜಿಗಳು, ಉಳಿದವರು ನಮ್ಮವರು, ಅವನನ್ನು ಹಿಡಿತದಲ್ಲಿ ಇಟ್ಟುಕೊಳ್ಳಬಹುದು ಅನ್ನುವುದು ಅವರ ಲೆಕ್ಕಾಚಾರ.

ನನ್ನ ಪ್ರಕಾರ ಪ್ರಜಾಪ್ರಭುತ್ವ ಸೊರಗಿದ್ದು ಅದಕ್ಕೂ ಮೂರು ವರ್ಷ ಮೊದಲು. 1930ರ ಮಾರ್ಚ್‌ನಲ್ಲಿ ನಿರುದ್ಯೋಗ ವಿಮೆಯ ಜಗಳದಲ್ಲಿ ಸಮ್ಮಿಶ್ರ ಸರ್ಕಾರ ಬಿತ್ತು. ಆಮೇಲೆ ಬಂದ ಚಾನ್ಸಲರ್‌ಗಳಿಗೆ ಸಂಸತ್ತಿನಲ್ಲಿ ಬಹುಮತವೇ ಇರಲಿಲ್ಲ. ಸಂವಿಧಾನದ 48ನೇ ವಿಧಿ ಹಿಡಿದು, ಅಧ್ಯಕ್ಷರ ಸಹಿಯಿಂದ ತುರ್ತು ಆಜ್ಞೆ ಹೊರಡಿಸಿ ಆಳಿದರು. ಸಂಸತ್ತು ಇಲ್ಲದೆಯೂ ನಡೆಯುತ್ತೆ ಅನ್ನುವುದು ಜನರಿಗೆ ರೂಢಿಯಾಗಿ ಹೋಯಿತು.

ಉಳಿದದ್ದು ವಾರಗಳಲ್ಲಿ ಮುಗಿಯಿತು. 1933ರ ಫೆಬ್ರವರಿ 27ರ ರಾತ್ರಿ ಸಂಸತ್ ಭವನಕ್ಕೆ ಬೆಂಕಿ ಬಿತ್ತು. ಮರುದಿನವೇ ಆಜ್ಞೆ ಹೊರಟು ಮಾತಿನ, ಪತ್ರಿಕೆಯ, ಸಭೆಯ ಸ್ವಾತಂತ್ರ್ಯ ಹೋಯಿತು. ಇಷ್ಟಾದರೂ ಮಾರ್ಚ್ 5ರ ಚುನಾವಣೆಯಲ್ಲಿ ನಾಜಿಗಳಿಗೆ ಬಂದದ್ದು ಶೇ. 43.9. ಮಾರ್ಚ್ 22ಕ್ಕೆ ವಿರೋಧಿಗಳನ್ನು ಕೂಡಿಹಾಕುವ ದಖಾವ್ ಸೆರೆಶಿಬಿರ ತೆರೆಯಿತು. ಮರುದಿನ ಬರ್ಲಿನ್‌ನ ಕ್ರೋಲ್ ಒಪೆರಾ ಹೌಸ್‌ನಲ್ಲಿ ಸಂಸತ್ತು ಸೇರಿತು. ಸಂಪುಟವೇ ಕಾನೂನು ಮಾಡಬಹುದು, ಅದು ಸಂವಿಧಾನಕ್ಕೆ ವಿರುದ್ಧವಿದ್ದರೂ ಸರಿ ಎನ್ನುವ ಮಸೂದೆ ಅಲ್ಲಿ ಮತಕ್ಕೆ ಬಂತು. ಮೂರನೇ ಎರಡರಷ್ಟು ಮತ ಬೇಕಿತ್ತು. ಕಮ್ಯುನಿಸ್ಟ್ ಸದಸ್ಯರನ್ನು ಒಳಗೇ ಬಿಡಲಿಲ್ಲ. ಸಮವಸ್ತ್ರ ತೊಟ್ಟ ನಾಜಿ ಎಸ್‌.ಎ. ಪಡೆಯವರು ಸಭಾಂಗಣದೊಳಗೇ ನಿಂತಿದ್ದರು. ಅವರ ಎದುರಿಗೇ ಸೋಷಿಯಲ್ ಡೆಮಾಕ್ರಾಟ್ ನಾಯಕ ಓಟೋ ವೆಲ್ಸ್ ಎದ್ದು, ನಮ್ಮ ಸ್ವಾತಂತ್ರ್ಯ, ಪ್ರಾಣ ಕಿತ್ತುಕೊಳ್ಳಬಹುದು, ಮಾನವನ್ನಲ್ಲ ಎಂದರು. ಹಾಜರಿದ್ದ ಅವರ ಪಕ್ಷದ 94 ಜನರೂ ವಿರುದ್ಧ ಮತ ಹಾಕಿದರು. ಕ್ಯಾಥೊಲಿಕ್ ಸೆಂಟರ್ ಪಕ್ಷವೂ ಸೇರಿದಂತೆ 444 ಜನ ಪರವಾಗಿ ಹಾಕಿದರು. ಆ 94 ಜನರನ್ನು ನೆನೆದರೆ ಇವತ್ತಿಗೂ ನನಗೆ ಗಂಟಲು ಕಟ್ಟುತ್ತದೆ. ಜುಲೈ ಹೊತ್ತಿಗೆ ದೇಶದಲ್ಲಿ ಉಳಿದದ್ದು ಒಂದೇ ಪಕ್ಷ.

ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅನ್ನುತ್ತೇವಲ್ಲ, 1949ರ ಸಂವಿಧಾನ ಒಂದು ರೀತಿ ಅದೇ. ಆದರೆ ಬಾಗಿಲು ಗಟ್ಟಿಯಾಗಿದೆ. ಈಗ ಚಾನ್ಸಲರ್‌ನನ್ನು ಸುಮ್ಮನೆ ಬೀಳಿಸುವಂತಿಲ್ಲ, ಅದೇ ಮತದಾನದಲ್ಲಿ ಇನ್ನೊಬ್ಬರನ್ನು ಆರಿಸಬೇಕು. ಇದು ಫಲಿಸಿದ್ದು ಒಮ್ಮೆ ಮಾತ್ರ: 1982ರಲ್ಲಿ ಶ್ಮಿಟ್ ಹೋಗಿ ಕೋಲ್ ಬಂದರು. ಅಧ್ಯಕ್ಷರನ್ನು ಜನ ನೇರವಾಗಿ ಆರಿಸುವುದಿಲ್ಲ, ಅವರಿಗೆ ಹಳೆಯ ತುರ್ತು ಅಧಿಕಾರವೂ ಇಲ್ಲ. ಮತಪತ್ರದಲ್ಲಿ ಎರಡು ಮತ ಇರುತ್ತವೆ: ಮೊದಲನೆಯದು ಕ್ಷೇತ್ರದ ಅಭ್ಯರ್ಥಿಗೆ, ಎರಡನೆಯದು ಪಕ್ಷಕ್ಕೆ. ಎರಡನೆಯದರ ತೂಕವೇ ಜಾಸ್ತಿ, ಸೀಟುಗಳ ಪಾಲು ನಿಂತಿರುವುದು ಅದರ ಮೇಲೆ. ಶೇ. 5 ದಾಟದ ಪಕ್ಷಕ್ಕೆ ಸಾಮಾನ್ಯವಾಗಿ ಸೀಟಿಲ್ಲ. 1928ರಲ್ಲಿ ನಾಜಿಗಳಿಗೆ ಶೇ. 2.6 ಮತಕ್ಕೇ 12 ಸೀಟು ಸಿಕ್ಕಿತ್ತು. ಆದರೆ ಶೇ. 37 ಬಂದ ಪಕ್ಷವನ್ನು ಈ ನಿಯಮ ತಡೆಯಲಾರದು, ಅಲ್ವಾ? ಅದಕ್ಕೇ 79ನೇ ವಿಧಿ ಇದೆ. ಮಾನವ ಘನತೆ, ಪ್ರಜಾಪ್ರಭುತ್ವದಂಥ ಮೂಲ ತತ್ವಗಳನ್ನು ಎಷ್ಟೇ ಬಹುಮತ ಬಂದರೂ ತಿದ್ದುವಂತಿಲ್ಲ. ಪ್ರಜಾಪ್ರಭುತ್ವವನ್ನೇ ಕೆಡವಲು ಹೊರಟ ಪಕ್ಷವನ್ನು ನಿಷೇಧಿಸಬಹುದು, ಆದರೆ ತೀರ್ಪು ಕಾರ್ಲ್ಸ್‌ರೂಹೆಯ ಸಾಂವಿಧಾನಿಕ ನ್ಯಾಯಾಲಯದ್ದು. ಎ.ಎಫ್‌.ಡಿ. ಎಂಬ ಕಟ್ಟಾ ಬಲಪಂಥೀಯ ಪಕ್ಷದ ಬಗ್ಗೆ ಟಿ.ವಿ.ಯಲ್ಲಿ ನಡೆಯುವ ನಿಷೇಧದ ಚರ್ಚೆ ಇದರದ್ದೇ. ಇಲ್ಲಿಯವರೆಗೆ ಹೀಗೆ ನಿಷೇಧವಾದದ್ದು ಎರಡೇ ಪಕ್ಷ, 1952ರಲ್ಲಿ ಒಂದು, 1956ರಲ್ಲಿ ಒಂದು.

ಬ್ಲೂ ಕಾರ್ಡ್ (ನುರಿತ ಕೆಲಸಗಾರರ ವಾಸದ ಅನುಮತಿ) ಅಥವಾ ಪಿ.ಆರ್‌. (ಕಾಯಂ ವಾಸದ ಅನುಮತಿ) ಇದ್ದ ನಮ್ಮಂಥ ಭಾರತೀಯರಿಗೆ ಸಂಸತ್ತು, ರಾಜ್ಯ, ನಗರಸಭೆ ಯಾವುದಕ್ಕೂ ಮತವಿಲ್ಲ. ಪೌರತ್ವ ಪಡೆದರೆ ಎಲ್ಲಕ್ಕೂ ಇದೆ. ಜರ್ಮನಿ ಎರಡು ಪೌರತ್ವ ಒಪ್ಪಿದರೂ ಭಾರತ ಒಪ್ಪುವುದಿಲ್ಲ, ಆದ್ದರಿಂದ ನಮ್ಮ ಪಾಸ್‌ಪೋರ್ಟ್ ಒಪ್ಪಿಸಬೇಕು; ಬೇಕಿದ್ದರೆ ಒ.ಸಿ.ಐ. (ವಿದೇಶಿ ಪೌರರಾದ ಭಾರತ ಮೂಲದವರಿಗೆ ಸಿಗುವ ಕಾರ್ಡ್) ಮಾಡಿಸಬಹುದು. ಪೌರತ್ವ ಪರೀಕ್ಷೆಯಲ್ಲಿ 33 ಪ್ರಶ್ನೆ, 17 ಸರಿಯಾದರೆ ಪಾಸು. ಅಲ್ಲಿಯವರೆಗೆ ಕೈಕಟ್ಟಿ ಕೂರಬೇಕಿಲ್ಲ. ಅನೇಕ ಊರುಗಳಲ್ಲಿ ವಲಸಿಗರ ಸಲಹಾ ಮಂಡಳಿಗೆ ಚುನಾವಣೆ ನಡೆಯುತ್ತದೆ, ಅದರಲ್ಲಿ ನಮಗೂ ಮತವಿದೆ. ಕಂಪನಿಯಲ್ಲಿ ಬೆಟ್ರೀಬ್ಸ್‌ರಾಟ್ ಅಂದರೆ ನೌಕರರ ಮಂಡಳಿ ಇದ್ದರೆ, ಅದರ ಚುನಾವಣೆಯಲ್ಲಿ ಪಾಸ್‌ಪೋರ್ಟ್ ಯಾವುದೆಂದು ಯಾರೂ ಕೇಳುವುದಿಲ್ಲ. ಮತ ಹಾಕಿ, ಆರು ತಿಂಗಳು ಕೆಲಸ ಮಾಡಿದ್ದರೆ ನೀವೇ ಸ್ಪರ್ಧೆಗೂ ನಿಲ್ಲಬಹುದು.