ನೊಂದವರು ಸಭೆ ಬಿಡಬಾರದು

ಏಟು ತಿಂದವಳು ಬೇರೆ ಚರ್ಚಿನ ಸಭೆ ಹುಡುಕಿಕೊಂಡು ಹೋಗುತ್ತಾಳೆ, ಹೊಡೆದವನು ಅದೇ ಬೆಂಚಿನಲ್ಲಿ ಕೂತು ಹಾಡುತ್ತಾನೆ. ನಮ್ಮ ಸಭೆಯ ಹೆಂಗಸರ ಸಂಘವಾದ ಮಹಿಳಾ ಅನ್ಯೋನ್ಯ ಕೂಟದ ಕೆಲಸ ವಹಿಸಿಕೊಂಡಾಗ ನನಗೆ ಸಹಿಸಲಾಗದೇ ಇದ್ದದ್ದು ಇದು.

ಮೊದಲು ನಮ್ಮ ಸಭಾಪಾಲಕರಾದ ಅಯ್ಯನವರ ಜೊತೆ ಕೂತು ಮಾತಾಡಿದ್ದು ಬೈಬಲಿನ ಬಗ್ಗೆಯೇ. ತಪ್ಪು ಮಾಡಿದವನಿಗೆ ಇಬ್ಬರೇ ಇರುವಾಗ ತಿಳಿಸು ಎನ್ನುವ ಮತ್ತಾಯ 18ರ ಮಾತು ಹಿಡಿದು, ಹೆದರಿದ ಹೆಂಗಸನ್ನು ಗಂಡನೆದುರು ಕೂರಿಸಿ ರಾಜಿ ಮಾಡಿಸುವುದು ರೂಢಿ. ಮನೆಗೆ ಹೋದ ಮೇಲೆ ಅವಳ ಗತಿ ಏನೆಂದು ಯಾರೂ ಕೇಳುವುದಿಲ್ಲ. ಅದೇ ಅಧ್ಯಾಯದಲ್ಲಿ, ಚಿಕ್ಕವರನ್ನು ಕೆಡವುವವನ ಕೊರಳಿಗೆ ಬೀಸುವ ಕಲ್ಲು ಕಟ್ಟುವ ಮಾತೂ ಇದೆ. ಅಯ್ಯನವರು ಎರಡನ್ನೂ ಒಟ್ಟಿಗೆ ಓದಿ ಪ್ರಸಂಗ ಮಾಡಿದರು. ಇನ್ನೊಂದು ಭಾನುವಾರ ಎರಡನೇ ಸಮುವೇಲ 13ರ ತಾಮಾರಳ ಕಥೆ. ಅಣ್ಣನಿಂದಲೇ ಅತ್ಯಾಚಾರಕ್ಕೊಳಗಾಗಿ, ಇನ್ನೊಬ್ಬ ಅಣ್ಣನಿಂದ ಸುಮ್ಮನಿರು ಎನಿಸಿಕೊಂಡವಳ ಕಥೆ ಅದು. ಆಮೇಲೆ ಹೆಂಗಸರು ಒಬ್ಬೊಬ್ಬರಾಗಿ ಬಾಯಿ ಬಿಡತೊಡಗಿದರು.

ಹೇಳಿಕೊಳ್ಳಲು ಬಂದವರಿಗೆ "ಯಾರಿಗೂ ಹೇಳಲ್ಲ" ಎಂದು ನಾವು ಮಾತು ಕೊಡುವುದಿಲ್ಲ. ಮಗುವಿನ ಮೇಲಿನ ಲೈಂಗಿಕ ದೌರ್ಜನ್ಯದ ವಿಷಯವಾದರೆ 2012ರ ಪೋಕ್ಸೊ ಕಾಯ್ದೆಯ ಸೆಕ್ಷನ್ 19ರ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಕೈಕೆಳಗಿನವರ ಕೃತ್ಯ ಗೊತ್ತಿದ್ದೂ ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಸಜೆ ಆಗಬಹುದು. "ಮೊದಲು ನಮ್ಮೊಳಗೇ ವಿಚಾರಿಸೋಣಮ್ಮ, ಸಭೆ ಹೆಸರು ಕೆಡುತ್ತೆ" ಎಂದರು ಹಿರಿಯರೊಬ್ಬರು. ನಾನು ಒಪ್ಪಲಿಲ್ಲ. ವಿಚಾರಣೆ ನಮ್ಮ ಕೆಲಸವಲ್ಲ. ಸಿಕ್ಕಸಿಕ್ಕವರೆಲ್ಲ ಕೆದಕಿ ಕೇಳಿದರೆ ಮಗು ಬೆದರಿ ಬಾಯಿ ಮುಚ್ಚಿಕೊಳ್ಳುತ್ತದೆ, ಸಾಕ್ಷ್ಯವೂ ಕೆಡುತ್ತದೆ. ಮಗುವಿನ ಹೇಳಿಕೆಯನ್ನು ಮನೆಯಲ್ಲೋ ಅದು ಬಯಸಿದ ಕಡೆಯೋ, ಪೊಲೀಸರು ಸಮವಸ್ತ್ರ ಹಾಕದೆ ಬರೆದುಕೊಳ್ಳಬೇಕೆಂದು ಕಾಯ್ದೆಯಲ್ಲೇ ಇದೆ. ಇದನ್ನು ಬಿಡಿಸಿ ಹೇಳಿದಾಗ ತಾಯಂದಿರಿಗೆ ಠಾಣೆಯ ಭಯ ಎಷ್ಟೋ ಕಡಿಮೆಯಾಗುತ್ತದೆ. ಮಕ್ಕಳ ಸಹಾಯವಾಣಿ 1098 ಸಂಡೇ ಸ್ಕೂಲಿನ ಗೋಡೆಯ ಮೇಲಿದೆ, ಮಕ್ಕಳ ಕಣ್ಣಿನ ಎತ್ತರಕ್ಕೆ.

ದೊಡ್ಡವರ ಸಂಗತಿ ಬೇರೆ. ದೂರು ಕೊಡುವುದೂ ಬಿಡುವುದೂ ಅವರ ತೀರ್ಮಾನ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ ಸಂರಕ್ಷಣಾಧಿಕಾರಿ, ನೊಂದ ಹೆಂಗಸರಿಗೆ ನೆರವಾಗುವ ಸಖಿ ಕೇಂದ್ರ, 181 ಮಹಿಳಾ ಸಹಾಯವಾಣಿ, ಇಷ್ಟನ್ನು ತಿಳಿಸುತ್ತೇವೆ. ಕರೆದರೆ ಜೊತೆಗೆ ಹೋಗುತ್ತೇವೆ. ಕ್ಷಮಿಸಿಬಿಡು ಎಂದು ಮಾತ್ರ ಯಾರೂ ಅವರಿಗೆ ಹೇಳಕೂಡದು.

ಅತಿ ಹೆಚ್ಚು ಜಗಳವಾದದ್ದು ಆರೋಪ ಹೊತ್ತವರ ವಿಷಯದಲ್ಲಿ. ಪ್ರಕರಣ ಮುಗಿಯುವವರೆಗೆ ಗಾಯನ ತಂಡ, ಸಂಡೇ ಸ್ಕೂಲು, ಕಾಣಿಕೆ ಎತ್ತುವುದು ಯಾವುದೂ ಬೇಡ, ಆರಾಧನೆಗೂ ಬೇರೆ ಕಡೆ ಹೋಗಲಿ ಎಂದು ಪಟ್ಟು ಹಿಡಿದೆ. "ಸಾಬೀತಾಗಿಲ್ಲವಲ್ಲ?" ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ಇದು ಶಿಕ್ಷೆಯಲ್ಲ, ಅಂತರ. ಇಬ್ಬರಲ್ಲಿ ಒಬ್ಬರು ದೂರ ಇರಲೇಬೇಕಾದಾಗ ಆ ಭಾರವನ್ನು ಯಾಕೆ ನೊಂದವರ ಮೇಲೆ ಹೊರಿಸಬೇಕು? ವಾದ ಬಹಳ ದಿನ ನಡೆಯಿತು. ಕೊನೆಗೆ ಸಮಿತಿ ನಿರ್ಣಯ ಬರೆಯಿತು.

ನಾನು ಯೋಚಿಸಿಯೇ ಇರದ ಒಂದನ್ನು ಒಬ್ಬ ತಂಗಿ ತೋರಿಸಿಕೊಟ್ಟಳು. "ಅಕ್ಕಾ, ಶಾಂತಿ ಕೊಡೋ ಹೊತ್ತಿಗೆ ನಾನು ಎದ್ದು ಹೊರಗೆ ಹೋಗ್ತೀನಿ." ನಮ್ಮ ಆರಾಧನೆಯಲ್ಲಿ ಶಾಂತಿ ಕೈಯಿಂದ ಕೈಗೆ ಹೋಗುತ್ತದೆ, ಪಕ್ಕದವರ ಅಂಗೈಯನ್ನು ನಮ್ಮೆರಡು ಕೈಗಳ ನಡುವೆ ಹಿಡಿಯಬೇಕು. ಮುಟ್ಟಿದರೇ ನಡುಗುವವಳಿಗೆ ಅದೆಷ್ಟು ಕಷ್ಟ! ಈಗ ಕೈಮುಗಿದರೂ ಸಾಕೆಂದು ಅಯ್ಯನವರು ಪ್ರತಿ ಸಲವೂ ಎಲ್ಲರಿಗೂ ಹೇಳುತ್ತಾರೆ. ಎಲ್ಲರಿಗೂ ಹೇಳುವುದರಿಂದ, ಯಾರು ಯಾಕೆ ಕೈಮುಗಿದರು ಎಂದು ಯಾರೂ ತಿರುಗಿ ನೋಡುವುದಿಲ್ಲ.